ಓದುಗರ ಪ್ರಶ್ನೆ, ನಮ್ಮ ಉತ್ತರ: ಎಂಆರ್‌ಐ ಕಾಯಿಲ್‌ಗೆ ಮೆಟಾಮೆಟೀರಿಯಲ್ ಹಾಳೆಯ ನೆರವು

ಫ್ರಾನ್ಸಿನ ಸಾಕ್ಲೇಯಲ್ಲಿರುವ 11.7 ಟೆಸ್ಲಾ ಎಂಆರ್‌ಐ ಯಂತ್ರದ ಬಗ್ಗೆ ಈ ಅಂಕಣದಲ್ಲಿ ಬಂದ ಟಿಪ್ಪಣಿಯ ಕೊನೆಯಲ್ಲಿ ಒಂದು ಸಾಲು ಇತ್ತು. ಅಷ್ಟು ಪ್ರಬಲವಾದ ಕಾಂತಕ್ಷೇತ್ರದಲ್ಲಿ ರೇಡಿಯೋ ತರಂಗವನ್ನು ದೇಹದೊಳಗೆ ಸಮನಾಗಿ ಹರಡುವುದೇ ಕಷ್ಟ, ಅದಕ್ಕಾಗಿ ಸಣ್ಣ ಲೋಹದ ಘಟಕಗಳನ್ನು ಸಾಲಾಗಿ ಜೋಡಿಸಿದ ಮೆಟಾಮೆಟೀರಿಯಲ್ ಹಾಳೆಗಳನ್ನೂ ಪ್ರಯೋಗಿಸಲಾಗುತ್ತಿದೆ ಎಂಬುದು ಆ ಸಾಲು. ಆ ತರಂಗವನ್ನು ಕಳುಹಿಸುವ, ಮರಳಿ ಬರುವ ಸಂಕೇತವನ್ನು ಹಿಡಿಯುವ ತಾಮ್ರದ ಸುರುಳಿಗೆ ಕಾಯಿಲ್ ಎನ್ನುತ್ತಾರೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಂತವನ್ನು ಬಿಟ್ಟು ಆ ಸಾಲನ್ನೇ ಹಿಡಿದಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕಾಂತದ ಬಲ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಪ್ರಬಲವಾದ ಕಾಂತವೊಂದಿದ್ದರೆ ಸಾಕಲ್ಲವೇ? ಕಾಯಿಲ್‌ಗೆ ಬೇರೆ ನೆರವು ಏಕೆ ಬೇಕು?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಕಾಂತದ ಬಲ ಹೆಚ್ಚಿದಂತೆ ಸಂಕೇತ ಬಲಗೊಳ್ಳುತ್ತದೆ ಎಂಬುದು ನಿಜ. ಆದರೆ ಅದರ ಜೊತೆಯಲ್ಲೇ ರೇಡಿಯೋ ತರಂಗದ ಆವೃತ್ತಿಯೂ ಏರುತ್ತದೆ, ತೊಡಕು ಶುರುವಾಗುವುದು ಅಲ್ಲಿಂದಲೇ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನ ಪ್ರೋಟಾನ್‌ಗಳು ಕಾಂತಕ್ಷೇತ್ರದಲ್ಲಿ ಪ್ರತಿ ಟೆಸ್ಲಾಗೆ 42.58 ಮೆಗಾಹರ್ಟ್ಸ್‌ನಂತೆ ತಮ್ಮದೇ ಆವೃತ್ತಿಯಲ್ಲಿ ತಿರುಗುತ್ತವೆ. ಅವುಗಳನ್ನು ವಾಲಿಸಿ ಸಂಕೇತ ಪಡೆಯಬೇಕಾದರೆ ಕಾಯಿಲ್ ಕೂಡ ಅದೇ ಆವೃತ್ತಿಯ ತರಂಗವನ್ನು ಕಳುಹಿಸಬೇಕು. ಊರಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ 128, 7 ಟೆಸ್ಲಾದಲ್ಲಿ 298, ಸಾಕ್ಲೇಯ ಯಂತ್ರದಲ್ಲಿ ಹೆಚ್ಚುಕಡಿಮೆ 500.

ಈಗ ತರಂಗಾಂತರವನ್ನು ಲೆಕ್ಕ ಹಾಕಿ ನೋಡಿ. 64 ಮೆಗಾಹರ್ಟ್ಸ್ ತರಂಗದ ಉದ್ದ ಗಾಳಿಯಲ್ಲಿ 4.7 ಮೀಟರ್, 298 ಮೆಗಾಹರ್ಟ್ಸ್‌ನದು ಒಂದು ಮೀಟರ್. ಆದರೆ ನೀರಿನಿಂದ ತುಂಬಿದ ನಮ್ಮ ಅಂಗಾಂಶಗಳ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ) ದೊಡ್ಡದು, ಮಿದುಳಿನಲ್ಲಿ ಈ ಆವೃತ್ತಿಗಳಲ್ಲಿ ಅದು ಐವತ್ತರ ಮೇಲಿರುತ್ತದೆ. ಅದರ ವರ್ಗಮೂಲದಷ್ಟು ಪಟ್ಟು ತರಂಗ ಕುಗ್ಗುವುದರಿಂದ, 7 ಟೆಸ್ಲಾದಲ್ಲಿ ಮಿದುಳಿನೊಳಗಿನ ತರಂಗಾಂತರ 13 ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಅಂದರೆ ತರಂಗ ತಲೆಗಿಂತ ಚಿಕ್ಕದಾಯಿತು. 1.5 ಟೆಸ್ಲಾದಲ್ಲಿ ತಲೆಯ ಎಲ್ಲ ಭಾಗಗಳೂ ತರಂಗದ ಒಂದೇ ಹಂತವನ್ನು ಕಾಣುತ್ತಿದ್ದವು, ಇಲ್ಲಿ ಹಾಗಲ್ಲ. ಬೇರೆ ಬೇರೆ ದಿಕ್ಕಿನಿಂದ ಬಂದ ತರಂಗಗಳು ಕೆಲವೆಡೆ ಒಂದನ್ನೊಂದು ಕೂಡಿಕೊಂಡು ಬಲಗೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ತಲೆಯ ಸುತ್ತ ಒಂದೇ ಕಾಯಿಲ್ ಇಟ್ಟು ತೆಗೆದ 7 ಟೆಸ್ಲಾ ಚಿತ್ರದಲ್ಲಿ ಮಿದುಳಿನ ನಡುಭಾಗ ಬೆಳ್ಳಗೆ ಉಬ್ಬಿದಂತೆ ಕಂಡು, ಕಿವಿಗಳ ಮೇಲ್ಭಾಗದ ಟೆಂಪೋರಲ್ ಹಾಲೆಗಳೂ ಹಿಂದಿನ ಕಿರುಮಿದುಳೂ ಮಸುಕಾಗುವುದು ಇದರಿಂದಲೇ. ಆ ಜಾಗದಲ್ಲಿ ಪ್ರೋಟಾನ್‌ಗಳು ಬೇಕಾದ ಕೋನಕ್ಕೆ ವಾಲಿಯೇ ಇರುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಹೆಚ್ಚಿಸಿದರೆ ಇಲ್ಲದ ಮಾಹಿತಿ ಹುಟ್ಟಿಕೊಳ್ಳುವುದಿಲ್ಲ. ಅಪಸ್ಮಾರದ ರೋಗಿಗಳಲ್ಲಿ ವೈದ್ಯರು ಬಹಳ ಸಲ ಹುಡುಕುವುದು ಅದೇ ಟೆಂಪೋರಲ್ ಹಾಲೆಯ ಒಳಗಿನ ಹಿಪ್ಪೊಕ್ಯಾಂಪಸ್ ಅನ್ನು. ಹಾಗಾಗಿ ಈ ಮಸುಕು ಬರೀ ಅಂದಚಂದದ ಪ್ರಶ್ನೆಯಲ್ಲ.

ಎರಡನೆಯ ತೊಡಕು ಶಾಖದ್ದು. ಪ್ರೋಟಾನ್‌ಗಳನ್ನು ಅಷ್ಟೇ ಕೋನಕ್ಕೆ ವಾಲಿಸಲು ದೇಹಕ್ಕೆ ಇಳಿಯುವ ರೇಡಿಯೋ ಶಕ್ತಿಯು ಸರಿಸುಮಾರು ಕ್ಷೇತ್ರಬಲದ ವರ್ಗದಂತೆ ಏರುತ್ತದೆ. ಬಲ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ಪರೀಕ್ಷೆಯಲ್ಲಿ ಇಡೀ ದೇಹಕ್ಕೆ ಪ್ರತಿ ಕಿಲೋಗ್ರಾಮಿಗೆ ಸರಾಸರಿ 2 ವ್ಯಾಟ್, ತಲೆಗೆ 3.2 ವ್ಯಾಟ್ ಮೀರುವಂತಿಲ್ಲ. ಮಸುಕಾದ ಮೂಲೆಯೊಂದನ್ನು ಬೆಳಗಿಸಲೆಂದು ಒಟ್ಟು ಶಕ್ತಿಯನ್ನು ಏರಿಸುತ್ತ ಹೋದರೆ ಮೊದಲು ಅಡ್ಡ ಬರುವುದು ಈ ಮಿತಿ. ಒಟ್ಟು ಶಕ್ತಿಯನ್ನು ಏರಿಸದೆ, ಬೇಕಾದ ಜಾಗದಲ್ಲಿ ಮಾತ್ರ ಕ್ಷೇತ್ರವನ್ನು ಬಲಪಡಿಸುವ ಉಪಾಯ ಬೇಕಾಗಿರುವುದು ಆ ಕಾರಣಕ್ಕೆ.

ಪ್ರಶ್ನೆ: ಮೆಟಾಮೆಟೀರಿಯಲ್ ಎಂದರೆ ಹೊಸದಾಗಿ ಕಂಡುಹಿಡಿದ ಲೋಹವೇ, ಮಿಶ್ರಲೋಹವೇ? ಇದರ ಮೂಲ ಎಲ್ಲಿಯದು?
(ನಿವೃತ್ತ ಎಂಜಿನಿಯರ್, ಬೆಂಗಳೂರು)

ಉತ್ತರ: ಎರಡೂ ಅಲ್ಲ. ಎಂಆರ್‌ಐಗೆ ಬಳಸುವ ಮೆಟಾಮೆಟೀರಿಯಲ್‌ನಲ್ಲಿ ಇರುವುದು ತಾಮ್ರ, ಪ್ಲಾಸ್ಟಿಕ್ ಅಥವಾ ಸೆರಾಮಿಕ್, ಸಣ್ಣ ಕೆಪಾಸಿಟರ್‌ಗಳು, ಅಷ್ಟೇ. ಒಂದೇ ಹತ್ತಿ ನೂಲನ್ನು ಬಳಸಿ ತೆಳ್ಳನೆಯ ಸೀರೆಯನ್ನೂ ನೇಯಬಹುದು, ನವಲಗುಂದದ ಜಮಖಾನವನ್ನೂ ನೇಯಬಹುದು. ಬಟ್ಟೆಯ ಗುಣ ನೂಲಿನಿಂದ ಎಷ್ಟು ಬರುತ್ತದೋ ನೇಯ್ಗೆಯಿಂದಲೂ ಅಷ್ಟೇ ಬರುತ್ತದೆ. ಇಲ್ಲಿಯೂ ಗುಣವನ್ನು ನಿರ್ಧರಿಸುವುದು ಜೋಡಣೆ. ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಒಂದೇ ಬಗೆಯ ಘಟಕಗಳನ್ನು ಸಾಲುಸಾಲಾಗಿ ಜೋಡಿಸಿದರೆ, ತರಂಗವು ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸದೆ ಒಂದು ಅಖಂಡ ವಸ್ತುವಿನಂತೆ ಅನುಭವಿಸುತ್ತದೆ. ಆ ವಸ್ತುವಿಗೆ ಪ್ರಕೃತಿಯಲ್ಲಿ ಸಿಗದ ಕಾಂತೀಯ ಗುಣಗಳನ್ನು ಕೊಡಬಹುದು.

ಈ ಯೋಚನೆಯ ಬೇರು ನಮ್ಮ ದೇಶದಲ್ಲೂ ಇದೆ. ಜಗದೀಶ್ ಚಂದ್ರ ಬೋಸರು 1898ರಲ್ಲಿ ಕಲ್ಕತ್ತೆಯಲ್ಲಿ, ಹುರಿ ಮಾಡಿದ ಸೆಣಬಿನ ಎಳೆಗಳ ಮೂಲಕ ಮೈಕ್ರೋವೇವ್ ತರಂಗವನ್ನು ಹಾಯಿಸಿ ಅದರ ಧ್ರುವೀಕರಣದ ತಲ (ತರಂಗ ಕಂಪಿಸುವ ದಿಕ್ಕು) ತಿರುಗುವುದನ್ನು ತೋರಿಸಿದ್ದರು. ಅಲ್ಲಿ ಕೆಲಸ ಮಾಡಿದ್ದು ಸೆಣಬಿನ ರಾಸಾಯನಿಕ ಗುಣವಲ್ಲ, ಹುರಿಯ ಆಕಾರ. ಆಮೇಲೆ 1967ರಲ್ಲಿ ಸೋವಿಯತ್ ವಿಜ್ಞಾನಿ ವಿಕ್ಟರ್ ವೆಸೆಲಾಗೊ ವಿದ್ಯುತ್ ಮತ್ತು ಕಾಂತೀಯ ಸ್ಥಿರಾಂಕಗಳೆರಡೂ ಋಣಾತ್ಮಕವಾಗಿರುವ ವಸ್ತು ಇದ್ದರೆ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿದರು. 1999ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಪೆಂಡ್ರಿ ಮತ್ತು ಸಂಗಡಿಗರು, ಸೀಳಿದ ಉಂಗುರಗಳ ಸಾಲಿನಿಂದ ಅಂಥ ಕಾಂತೀಯ ಗುಣವನ್ನು ಪಡೆಯುವ ದಾರಿಯನ್ನು ತೋರಿಸಿದರು.

ಆ ಉಂಗುರವನ್ನು ಹತ್ತಿರದಿಂದ ನೋಡೋಣ. ತಾಮ್ರದ ಬಳೆಯೊಂದರಲ್ಲಿ ಸಣ್ಣ ಸೀಳು ಮಾಡಿ ಅಲ್ಲಿ ಕೆಪಾಸಿಟರ್ ಬೆಸೆದರೆ ಅದೊಂದು ಅನುರಣಿಸುವ, ಅಂದರೆ ತನ್ನದೇ ಒಂದು ಆವೃತ್ತಿಗೆ ಬಲವಾಗಿ ಸ್ಪಂದಿಸುವ ಮಂಡಲವಾಗುತ್ತದೆ. ಹೊರಗಿನ ಆವೃತ್ತಿ ಈ ಉಂಗುರದ ಸ್ವಂತ ಆವೃತ್ತಿಗಿಂತ ಸ್ವಲ್ಪ ಕೆಳಗಿದ್ದರೆ, ಉಂಗುರದಲ್ಲಿ ಹುಟ್ಟುವ ವಿದ್ಯುತ್ತು ಹೊರಗಿನ ಕಾಂತಕ್ಷೇತ್ರಕ್ಕೆ ಜೊತೆಗೂಡಿ ಅದನ್ನು ಬಲಪಡಿಸುತ್ತದೆ. ಸ್ವಲ್ಪ ಮೇಲಿದ್ದರೆ ಎದುರಾಗಿ ನಿಂತು ಅದನ್ನು ಕುಗ್ಗಿಸುತ್ತದೆ, ಋಣಾತ್ಮಕ ಗುಣ ಎನ್ನುವುದು ಈ ಎರಡನೆಯ ಸ್ಥಿತಿಗೆ. ಎಂಆರ್‌ಐ ಯಂತ್ರ ಒಂದೇ ಆವೃತ್ತಿಯ ಸುತ್ತ ಬಹಳ ಕಿರಿದಾದ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಬೇರೆ ಕ್ಷೇತ್ರಗಳಲ್ಲಿ ಮೆಟಾಮೆಟೀರಿಯಲ್‌ಗಳ ದೊಡ್ಡ ದೌರ್ಬಲ್ಯ ಎನಿಸಿಕೊಂಡಿರುವ ಕಿರಿದಾದ ಆವೃತ್ತಿ ವ್ಯಾಪ್ತಿ, ಹೀಗಾಗಿ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಈ ತಂತ್ರಕ್ಕೆ ಎಂಆರ್‌ಐಗಿಂತ ಒಪ್ಪುವ ಜಾಗ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಯೋಗವೂ ತಡವಾಗಲಿಲ್ಲ. ಪೆಂಡ್ರಿಯವರನ್ನೂ ಒಳಗೊಂಡ ಗುಂಪು 2001ರಲ್ಲಿ, ತೆಳುವಾದ ಲೋಹದ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ ಕಡ್ಡಿಗಳ ಕಟ್ಟನ್ನು 0.5 ಟೆಸ್ಲಾ ಯಂತ್ರದಲ್ಲಿಟ್ಟು, 21.3 ಮೆಗಾಹರ್ಟ್ಸ್ ಸಂಕೇತವನ್ನು ಅದರ ಮೂಲಕ ದೂರದ ಕಾಯಿಲ್‌ಗೆ ತಲುಪಿಸಿತು. ಹಾಗೆ ತೆಗೆದದ್ದು ಒಂದು ಹೆಬ್ಬೆರಳಿನ ಚಿತ್ರ. 2008ರಲ್ಲಿ ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದವರು ಉಂಗುರಗಳ ಹಾಳೆಗಳಿಂದ ಕಟ್ಟಿದ ಮಸೂರವನ್ನು 1.5 ಟೆಸ್ಲಾ ಯಂತ್ರದಲ್ಲಿ ಪರೀಕ್ಷಿಸಿದರು.

ಪ್ರಶ್ನೆ: 3 ಟೆಸ್ಲಾ ಯಂತ್ರದಲ್ಲಿ ಹೊಟ್ಟೆಯ ಚಿತ್ರ ತೆಗೆಯುವಾಗ ನಾವು ಜೆಲ್ ತುಂಬಿದ ದಿಂಬಿನಂಥ ಪ್ಯಾಡ್ ಇಡುವುದುಂಟು. ಈ ಹಾಳೆಗೂ ಅದಕ್ಕೂ ಏನು ವ್ಯತ್ಯಾಸ?
(ಎಂಆರ್‌ಐ ತಂತ್ರಜ್ಞ, ಮಂಗಳೂರು)

ಉತ್ತರ: ಎರಡೂ ಒಂದೇ ವಂಶದವು ಎನ್ನಬಹುದು. ಪ್ಯಾಡಿನಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿರುವ ವಸ್ತು ಇರುತ್ತದೆ. ಕಾಯಿಲ್‌ನಿಂದ ಬಂದ ಕ್ಷೇತ್ರ ಅದರಲ್ಲಿ ಸ್ಥಾನಾಂತರ ವಿದ್ಯುತ್ತನ್ನು (ಬದಲಾಗುವ ವಿದ್ಯುತ್ ಕ್ಷೇತ್ರದಿಂದ ಉಂಟಾಗುವ ವಿದ್ಯುತ್ತು) ಹುಟ್ಟಿಸುತ್ತದೆ, ಅದು ತನ್ನದೇ ಕಾಂತಕ್ಷೇತ್ರವನ್ನು ಪಕ್ಕದ ಅಂಗಾಂಶಕ್ಕೆ ಸೇರಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಆಂಡ್ರ್ಯೂ ವೆಬ್ ಅವರ ಗುಂಪು ಈ ಪ್ಯಾಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕ್ಯಾಲ್ಸಿಯಂ ಟೈಟನೇಟ್ ಪುಡಿಯನ್ನು ಕಲಸಿ ಮಾಡಿದ ಪ್ಯಾಡಿನ ಸ್ಥಿರಾಂಕ ಸುಮಾರು 110. ಬೇರಿಯಂ ಟೈಟನೇಟ್ ಬಳಸಿದರೆ 300ರವರೆಗೂ ಹೋಗುತ್ತದೆ. ಕಲಸುವುದು ಸಾಮಾನ್ಯ ನೀರಿನಲ್ಲಲ್ಲ, ಭಾರಜಲದಲ್ಲಿ. ಸಾಮಾನ್ಯ ನೀರಾದರೆ ಪ್ಯಾಡೇ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಭಾರಜಲದಲ್ಲಿ ಸಾಮಾನ್ಯ ಹೈಡ್ರೋಜನ್ ಬದಲಿಗೆ ಇರುವ ಡ್ಯುಟೀರಿಯಂ ಬೇರೆಯೇ ಆವೃತ್ತಿಯಲ್ಲಿ ಸ್ಪಂದಿಸುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಇಂಥ ಪ್ಯಾಡಿನ ನೀರು ತಿಂಗಳುಗಳು ಕಳೆದಂತೆ ಆರುತ್ತದೆ, ಗುಣವೂ ಕುಂದುತ್ತದೆ. ತಂತ್ರಜ್ಞರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಪ್ಯಾಡಿನ ಮಿತಿ ಇರುವುದು ಅದರ ದಪ್ಪದಲ್ಲಿ. ಪರಿಣಾಮ ಹೆಚ್ಚಬೇಕಾದರೆ ಪ್ಯಾಡ್ ದಪ್ಪವಾಗಬೇಕು, ಆದರೆ ತಲೆಗೂ ಬಿಗಿಯಾಗಿ ಕೂರುವ ಸ್ವೀಕರಿಸುವ ಕಾಯಿಲ್‌ಗೂ ನಡುವೆ ಇರುವುದು ಬೆರಳು ದಪ್ಪದ ಜಾಗ. ಲೋಹದ ಹಾಳೆ ನೆರವಿಗೆ ಬರುವುದು ಇಲ್ಲಿ. ಲೋಹದ ಪಟ್ಟಿ ಅರ್ಧ ತರಂಗಾಂತರದಷ್ಟು ಉದ್ದವಿದ್ದರೆ ಅನುರಣಿಸುತ್ತದೆ. 64 ಮೆಗಾಹರ್ಟ್ಸ್‌ಗೆ ಗಾಳಿಯಲ್ಲಿ ಅದು 2.3 ಮೀಟರಿಗೂ ಹೆಚ್ಚು, ಯಂತ್ರದೊಳಗೆ ಹಿಡಿಸುವ ಮಾತಲ್ಲ. ಪಟ್ಟಿಯನ್ನು ನೀರಿನಲ್ಲಿಟ್ಟರೆ ಸುಮಾರು 26 ಸೆಂಟಿಮೀಟರಿಗೆ ಇಳಿಯುತ್ತದೆ. ಸೇಂಟ್ ಪೀಟರ್ಸ್‌ಬರ್ಗ್‌ನ ಐಟಿಎಂಒ ವಿಶ್ವವಿದ್ಯಾಲಯದವರು ಸಂಗಡಿಗರೊಂದಿಗೆ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರಿನಲ್ಲಿ ಸಾಲಾಗಿ ಮಲಗಿಸಿದ ಲೋಹದ ತಂತಿಗಳ ಮೇಲೆ ಒಂದು ಮೀನನ್ನಿಟ್ಟು 1.5 ಟೆಸ್ಲಾದಲ್ಲಿ ಚಿತ್ರ ತೆಗೆದಿದ್ದರು. ಮರುವರ್ಷ ಲೈಡನ್ ಗುಂಪಿನವರು ಐಟಿಎಂಒ ಜೊತೆಗೂಡಿ ಅದೇ ತತ್ವವನ್ನು 7 ಟೆಸ್ಲಾಗೆ ಒಗ್ಗಿಸಿದರು. ನೀರಿನ ತೊಟ್ಟಿಯ ಬದಲು ಕ್ಯಾಲ್ಸಿಯಂ ಟೈಟನೇಟ್ ಪ್ಯಾಡ್, ತಂತಿಗಳ ಬದಲು ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಪಟ್ಟಿಗಳು. ಬಾಗಿಸಿದರೆ ಬಾಗುವ, ಕೇಬಲ್ ಯಾವುದೂ ಇಲ್ಲದ ಈ ಹಾಳೆಯನ್ನು ತಲೆಗೂ ಕಾಯಿಲ್‌ಗೂ ನಡುವೆ ತೂರಿಸಿ, ಜೀವಂತ ವ್ಯಕ್ತಿಯ ಮಿದುಳಿನ ಚಿತ್ರವನ್ನೂ ರಾಸಾಯನಿಕ ವರ್ಣಪಟಲವನ್ನೂ ಪಡೆದರು. ಆಸ್ಪತ್ರೆಯಲ್ಲಿ ದಿನವೂ ಬಳಸುವ, ಹಲವು ಸಣ್ಣ ಕಾಯಿಲ್‌ಗಳ ಗುಂಪಾದ ಬಹುಘಟಕ ಕಾಯಿಲ್‌ನ ಜೊತೆಯಲ್ಲೇ ಹೊಂದಿಕೊಂಡು ಕೆಲಸ ಮಾಡಿದ ಮೊದಲ ಮೆಟಾಮೆಟೀರಿಯಲ್ ಹಾಳೆ ಅದು. ಈ ಕ್ಷೇತ್ರದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಕಾರಣವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ಮೆಟಾಮೆಟೀರಿಯಲ್ ಇಟ್ಟರೆ ಚಿತ್ರದ ಗುಣಮಟ್ಟ ಎರಡು, ಮೂರು, ನಾಲ್ಕು ಪಟ್ಟು ಹೆಚ್ಚುತ್ತದೆ ಎಂದು ಓದಿದ್ದೇನೆ. ಸಂಕೇತವನ್ನು ಹೊರಗಿನ ಶಕ್ತಿಯಿಲ್ಲದ ತಾಮ್ರದ ತುಂಡು ಹೇಗೆ ಹೆಚ್ಚಿಸಬಲ್ಲದು? ಇದನ್ನು ನಂಬಬಹುದೇ?
(ಭೌತಶಾಸ್ತ್ರ ಉಪನ್ಯಾಸಕ, ಧಾರವಾಡ)

ಉತ್ತರ: ಅಂಕಿಗಳು ಸುಳ್ಳಲ್ಲ. ಮೇಲೆ ಹೇಳಿದ 2016ರ ಪ್ರಯೋಗದಲ್ಲಿ 2.7 ಪಟ್ಟು, 2019ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಗುಂಪು ಸುರುಳಿ ಕಾಯಿಲ್‌ಗಳ ಸಾಲನ್ನು ಬಳಸಿ 1.5 ಟೆಸ್ಲಾದಲ್ಲಿ ಮಾಡಿದ ಪ್ರಯೋಗದಲ್ಲಿ ಸುಮಾರು 4.2 ಪಟ್ಟು ಸಂಕೇತ–ಗದ್ದಲ ಅನುಪಾತ ಹೆಚ್ಚಿತೆಂದು ಅಳೆದು ವರದಿ ಮಾಡಿದ್ದಾರೆ. ಆದರೆ ಇಂಥ ಅಂಕಿಯನ್ನು ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವುದಕ್ಕೆ ಹೋಲಿಸಿದರೆ?

ಎಂಆರ್‌ಐಯಲ್ಲಿ ಗದ್ದಲಕ್ಕೆ ಮೂಲ ಎರಡು. ಒಂದು, ಕಾಯಿಲ್‌ನ ತಾಮ್ರದಲ್ಲಿರುವ ಎಲೆಕ್ಟ್ರಾನುಗಳ ಉಷ್ಣಚಲನೆ. ಎರಡು, ಉಪ್ಪುನೀರಿನಿಂದ ತುಂಬಿ ವಿದ್ಯುತ್ ಹರಿಯಬಿಡುವ ರೋಗಿಯ ದೇಹವೇ ಹೊರಡಿಸುವ ಗದ್ದಲ. ಮನುಷ್ಯನ ಗಾತ್ರಕ್ಕೆ, 1.5 ಟೆಸ್ಲಾ ಮತ್ತು ಅದರ ಮೇಲಿನ ಕ್ಷೇತ್ರಗಳಲ್ಲಿ, ಚೆನ್ನಾಗಿ ಮಾಡಿದ ಕಾಯಿಲ್ ಒಂದರಲ್ಲಿ ದೇಹದ ಗದ್ದಲವೇ ಬಹುಪಾಲು. ಸಂಶೋಧಕರಾದ ಹೌಲ್ಟ್ ಮತ್ತು ರಿಚರ್ಡ್ಸ್ 1976ರಲ್ಲಿ ಈ ಲೆಕ್ಕಕ್ಕೆ ಬುನಾದಿ ಹಾಕಿದರು. ಅದೇ ಲೆಕ್ಕದಿಂದ ಹೊರಡುವ ಪರಸ್ಪರತೆಯ ನಿಯಮ ಹೀಗೆ: ಒಂದು ಬಿಂದುವಿನಲ್ಲಿ ಕಾಯಿಲ್ ಎಷ್ಟು ಬಲವಾದ ಕ್ಷೇತ್ರವನ್ನು ಹುಟ್ಟಿಸಬಲ್ಲದೋ, ಆ ಬಿಂದುವಿನಿಂದ ಬರುವ ಸಂಕೇತವನ್ನು ಅದು ಅಷ್ಟೇ ಚೆನ್ನಾಗಿ ಹಿಡಿಯಬಲ್ಲದು.

ಈಗ ಯಂತ್ರದ ಗೋಡೆಯೊಳಗೆ ಕಟ್ಟಿರುವ ದೊಡ್ಡ ಬಾಡಿ ಕಾಯಿಲ್‌ನಿಂದಲೇ ಮಣಿಕಟ್ಟಿನ ಚಿತ್ರ ತೆಗೆಯುತ್ತೇವೆ ಎಂದಿಟ್ಟುಕೊಳ್ಳಿ. ಅದಕ್ಕೆ ಮಣಿಕಟ್ಟಿನ ಸಣ್ಣ ಸಂಕೇತದ ಜೊತೆಗೆ ಎದೆ, ಹೊಟ್ಟೆಗಳ ಗದ್ದಲವೆಲ್ಲ ಬಂದು ಸೇರುತ್ತದೆ. ಮಣಿಕಟ್ಟಿನ ಸುತ್ತ ಅನುರಣಿಸುವ ಹಾಳೆಯೊಂದನ್ನು ಸುತ್ತಿದರೆ, ಬಾಡಿ ಕಾಯಿಲ್‌ನ ಕ್ಷೇತ್ರ ಆ ಸಣ್ಣ ಜಾಗದಲ್ಲಿ ಸಾಂದ್ರವಾಗುತ್ತದೆ. ಪರಸ್ಪರತೆಯ ನಿಯಮದಂತೆ ಅಲ್ಲಿನ ಸಂಕೇತವೂ ಬಲವಾಗಿ ಬರುತ್ತದೆ, ಉಳಿದ ದೇಹದ ಗದ್ದಲದ ಪಾಲು ಮಾತ್ರ ಮೊದಲಿನಷ್ಟೇ ಇರುತ್ತದೆ. ಅನುಪಾತ ಹಲವು ಪಟ್ಟು ಏರುವುದು ಸಹಜ. ಹೊರಗಿನ ಶಕ್ತಿ ಬೇಕಾಗಿಲ್ಲ, ಏಕೆಂದರೆ ಹಾಳೆ ಮಾಡುವುದು ಶಕ್ತಿಯ ಸೃಷ್ಟಿಯನ್ನಲ್ಲ, ಕ್ಷೇತ್ರದ ಮರುಹಂಚಿಕೆಯನ್ನು. ಪ್ರಕಟವಾದ ದೊಡ್ಡ ಅಂಕಿಗಳಲ್ಲಿ ಹೆಚ್ಚಿನವು ಈ ಬಗೆಯ ಹೋಲಿಕೆಯಿಂದ ಬಂದವು.

ಆದರೆ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಚಿತ್ರವನ್ನು ಬಾಡಿ ಕಾಯಿಲ್‌ನಿಂದ ಯಾರೂ ಸ್ವೀಕರಿಸುವುದಿಲ್ಲ. ಪೀಟರ್ ರೋಮರ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ ಫೇಸ್ಡ್ ಅರೇ ಪದ್ಧತಿಯಿಂದೀಚೆಗೆ, ಚರ್ಮಕ್ಕೆ ಹತ್ತಿಕೊಂಡು ಕೂರುವ ಸಣ್ಣ ಸಣ್ಣ ಕಾಯಿಲ್‌ಗಳ ಗುಂಪೇ ಸ್ವೀಕರಿಸುವ ಕೆಲಸ ಮಾಡುತ್ತದೆ. ಪ್ರತಿಯೊಂದಕ್ಕೂ ತನ್ನದೇ ಆಂಪ್ಲಿಫಯರ್. ಅಂಥ ಕಾಯಿಲ್ ಆಗಲೇ ತನ್ನ ಮುಂದಿನ ಸಣ್ಣ ಜಾಗವನ್ನಷ್ಟೇ ನೋಡುತ್ತಿರುತ್ತದೆ. ಅದರ ಮುಂದೆ ಹಾಳೆಯನ್ನಿಟ್ಟರೆ ಸಂಕೇತ ಹೆಚ್ಚಿದಂತೆ ಅದೇ ಜಾಗದ ದೇಹಗದ್ದಲವೂ ಹೆಚ್ಚುತ್ತದೆ, ಅನುಪಾತದಲ್ಲಿ ಸಿಗುವ ಲಾಭ ಸಣ್ಣದು. ಹಾಳೆಯಲ್ಲಿನ ತಾಮ್ರದ ನಷ್ಟ ಜಾಸ್ತಿಯಿದ್ದರೆ ಲಾಭದ ಬದಲು ನಷ್ಟವೂ ಆಗಬಹುದು. ದೇಹದ ವಿದ್ಯುತ್ ಗುಣಗಳೇ ನಿಗದಿಪಡಿಸುವ ಒಂದು ಪರಮ ಮಿತಿ ಇದೆ, ಯಾವ ಕಾಯಿಲ್ ಅಥವಾ ಹಾಳೆಯೂ ಅದನ್ನು ದಾಟಲಾರದು. ಒಳ್ಳೆಯ ಬಹುಘಟಕ ಕಾಯಿಲ್‌ಗಳು ದೇಹದ ಆಳದ ಭಾಗಗಳಿಗೆ ಈ ಮಿತಿಯ ಹತ್ತಿರಕ್ಕೆ ಈಗಾಗಲೇ ತಲುಪಿವೆ.

ಹಾಗಾದರೆ ಹಾಳೆಯಿಂದ ನಿಜವಾದ ಪ್ರಯೋಜನ ಎಲ್ಲಿ? ಸ್ವೀಕರಿಸುವಾಗಿನ ಪಟ್ಟುಗಳಿಗಿಂತ ಕಳುಹಿಸುವಾಗಿನ ಸಮತೆಯಲ್ಲಿ ಎಂಬುದು ನನ್ನ ತೀರ್ಮಾನ. 7 ಟೆಸ್ಲಾದಲ್ಲಿ ಟೆಂಪೋರಲ್ ಹಾಲೆಗೆ ತರಂಗ ತಲುಪದೆ ಪ್ರೋಟಾನ್‌ಗಳು ವಾಲುವುದೇ ಇಲ್ಲವಾದಾಗ, ಸ್ವೀಕರಿಸುವ ಕಾಯಿಲ್ ಎಷ್ಟು ಸೂಕ್ಷ್ಮವಾಗಿದ್ದರೂ ಉಪಯೋಗವಿಲ್ಲ. ಅಲ್ಲಿಗೆ ತರಂಗವನ್ನು ತಲುಪಿಸುವ ಹಾಳೆ, ಅನುಪಾತವನ್ನು ನಾಲ್ಕು ಪಟ್ಟು ಮಾಡದಿದ್ದರೂ, ಇಲ್ಲದ ಚಿತ್ರವನ್ನು ಇರುವಂತೆ ಮಾಡುತ್ತದೆ. ಲೈಡನ್ ಪ್ರಯೋಗವನ್ನು ಮುಖ್ಯ ಎಂದದ್ದು ಇದಕ್ಕೇ: ಅದು ಬರಿಯ ಬಾಡಿ ಕಾಯಿಲ್ ಇಟ್ಟುಕೊಂಡು ಅಂಕಿ ಬೆಳೆಸಲಿಲ್ಲ, ನಿಜವಾದ ಕಾಯಿಲ್ ಇರುವ ಕಡೆಯಲ್ಲೇ ತನ್ನ ಜಾಗವನ್ನು ಹುಡುಕಿಕೊಂಡಿತು.

ಇದರ ಅರ್ಥ ಬಾಡಿ ಕಾಯಿಲ್‌ಗೆ ಹೋಲಿಸಿದ ಪ್ರಯೋಗಗಳು ವ್ಯರ್ಥ ಎಂದಲ್ಲ. ಕೇಬಲ್ ಇಲ್ಲದ, ಕಡಿಮೆ ಖರ್ಚಿನ ಹಾಳೆಯೊಂದು ದುಬಾರಿ ಕಾಯಿಲ್‌ನ ಹತ್ತಿರಕ್ಕೆ ಬರುವುದಾದರೆ ಅದಕ್ಕೆ ತನ್ನದೇ ಬೆಲೆಯಿದೆ. ಕಾಯಿಲ್‌ನ ಕೇಬಲ್ ಮತ್ತು ಕನೆಕ್ಟರ್‌ಗಳು ಎಷ್ಟು ಬೇಗ ಕೆಡುತ್ತವೆ ಎಂಬುದನ್ನು ಎಂಆರ್‌ಐ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಆದರೆ ಅದು ಅನುಕೂಲದ ಮತ್ತು ಖರ್ಚಿನ ವಾದ; ಭೌತಶಾಸ್ತ್ರದ ಮಿತಿಯನ್ನು ಮುರಿದ ವಾದವಲ್ಲ. ಎರಡನ್ನೂ ಬೆರೆಸಿ ಹೇಳಿದಾಗ ಓದುಗರಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆ: ರೋಗಿಯ ಪಕ್ಕದಲ್ಲಿಡುವ ಹಾಳೆಯಲ್ಲದೆ, ಕಾಯಿಲ್‌ನ ವಿನ್ಯಾಸದೊಳಗೇ ಮೆಟಾಮೆಟೀರಿಯಲ್ ಸೇರಿಸಲು ಸಾಧ್ಯವೇ?
(ಎಲೆಕ್ಟ್ರಾನಿಕ್ಸ್ ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು)

ಉತ್ತರ: ಸಾಧ್ಯ, ಅದರಲ್ಲಿ ಎರಡು ದಾರಿಗಳು ಗಮನಾರ್ಹ. ಮೊದಲನೆಯದು ಕಾಯಿಲ್‌ನ ಹಿಂದಿನ ಕವಚ. ಕಾಯಿಲ್‌ನ ಕ್ಷೇತ್ರ ಗ್ರೇಡಿಯಂಟ್ ಸುರುಳಿಗಳೊಳಗೆ (ಸಂಕೇತ ಯಾವ ಜಾಗದ್ದೆಂದು ಗುರುತಿಸಲು ಕಾಂತಕ್ಷೇತ್ರವನ್ನು ಏರಿಳಿಸುವ ಸುರುಳಿಗಳು) ಸೋರದಂತೆ ತಾಮ್ರದ ಕವಚ ಇಡುತ್ತಾರೆ. ಲೋಹದ ತಗಡಿನ ಹತ್ತಿರ ವಿದ್ಯುತ್ತು ಹರಿದಾಗ ತಗಡಿನಲ್ಲಿ ಎದುರು ದಿಕ್ಕಿನ ಪ್ರತಿಬಿಂಬ ವಿದ್ಯುತ್ತು ಹುಟ್ಟಿ ಕಾಯಿಲ್‌ನ ಕ್ಷೇತ್ರವನ್ನು ಬಹುಮಟ್ಟಿಗೆ ಅಳಿಸುತ್ತದೆ. ಕವಚ ಹತ್ತಿರವಾದಷ್ಟೂ ನಷ್ಟ ಹೆಚ್ಚು. 1999ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಡ್ಯಾನ್ ಸೀವನ್‌ಪೈಪರ್ ಮತ್ತು ಸಂಗಡಿಗರು ರೂಪಿಸಿದ ಹೈ ಇಂಪೀಡೆನ್ಸ್ ಮೇಲ್ಮೈಯಲ್ಲಿ ಸಣ್ಣ ಲೋಹದ ಫಲಕಗಳು ಅಣಬೆಗಳ ಸಾಲಿನಂತೆ ನಿಂತಿರುತ್ತವೆ. ನಿಗದಿತ ಆವೃತ್ತಿಯಲ್ಲಿ ಈ ಮೇಲ್ಮೈಯ ಪ್ರತಿಬಿಂಬ ಎದುರಾಗುವ ಬದಲು ಜೊತೆಗೂಡುತ್ತದೆ. ಜರ್ಮನಿಯ ಡ್ಯೂಯಿಸ್‌ಬರ್ಗ್–ಎಸ್ಸೆನ್ ವಿಶ್ವವಿದ್ಯಾಲಯದಲ್ಲಿ 7 ಟೆಸ್ಲಾ ಕಾಯಿಲ್‌ಗೆ ಇಂಥ ಕವಚವನ್ನು ಹೊಂದಿಸಿ ಕ್ಷೇತ್ರದ ದಕ್ಷತೆ ಹೆಚ್ಚುವುದನ್ನು ತೋರಿಸಿದ್ದಾರೆ.

ಎರಡನೆಯದು, ಅಕ್ಕಪಕ್ಕದ ಕಾಯಿಲ್‌ಗಳು ಒಂದರ ಸಂಕೇತವನ್ನೊಂದು ಕದಿಯದಂತೆ ತಡೆಯುವುದು. ಹಲವು ಕಾಯಿಲ್‌ಗಳಿಗೆ ಬೇರೆ ಬೇರೆ ಹಂತ ಮತ್ತು ಬಲದ ತರಂಗವನ್ನು ಕೊಟ್ಟು ಒಟ್ಟು ಕ್ಷೇತ್ರವನ್ನು ಸಮಗೊಳಿಸುವ ಸಮಾಂತರ ಪ್ರಸಾರ ವಿಧಾನ ಇಂದು ಅತಿ ಪ್ರಬಲ ಕ್ಷೇತ್ರಗಳ ಮುಖ್ಯ ಅಸ್ತ್ರ, ಸಾಕ್ಲೇಯ 11.7 ಟೆಸ್ಲಾ ಯಂತ್ರವೂ ಅದನ್ನೇ ನೆಚ್ಚಿಕೊಂಡಿದೆ. ಕಾಯಿಲ್‌ಗಳ ನಡುವೆ ಇಂಥ ಸೋರಿಕೆ (ಇದನ್ನು ಜೋಡಣೆ ಎನ್ನುತ್ತಾರೆ) ಉಳಿದರೆ ಆ ವಿಧಾನ ದುರ್ಬಲವಾಗುತ್ತದೆ. 7 ಟೆಸ್ಲಾದ ಡೈಪೋಲ್ (ನೇರ ಕಡ್ಡಿಯಂಥ) ಕಾಯಿಲ್‌ಗಳ ನಡುವೆ ಲೋಹದ ಪಟ್ಟಿಗಳ ಮೆಟಾಮೆಟೀರಿಯಲ್ ಗೋಡೆ ನಿಲ್ಲಿಸಿ ಈ ಜೋಡಣೆಯನ್ನು ತಗ್ಗಿಸುವ ಪ್ರಯೋಗಗಳು ನಡೆದಿವೆ. ಯುರೋಪಿಯನ್ ಒಕ್ಕೂಟದ ಹಣದಿಂದ 2017ರಲ್ಲಿ ಶುರುವಾದ, ಫ್ರಾನ್ಸಿನ ಎಕ್ಸ್–ಮಾರ್ಸೇ ವಿಶ್ವವಿದ್ಯಾಲಯ ನೇತೃತ್ವ ವಹಿಸಿದ್ದ ಎಂ–ಕ್ಯೂಬ್ ಯೋಜನೆ ಅತಿ ಪ್ರಬಲ ಕ್ಷೇತ್ರದ ಎಂಆರ್‌ಐಗೆ ಮೆಟಾಮೆಟೀರಿಯಲ್ ಆಂಟೆನಾಗಳನ್ನು ರೂಪಿಸುವುದನ್ನೇ ಗುರಿಯಾಗಿಸಿಕೊಂಡಿತ್ತು.

ಪ್ರಶ್ನೆ: ರೇಡಿಯೋ ಶಕ್ತಿ ಹರಿಯುವ ಜಾಗದಲ್ಲಿ ದೇಹದ ಪಕ್ಕ ಲೋಹ ಇಟ್ಟರೆ ಸುಡುವುದಿಲ್ಲವೇ? ನನ್ನ ಮಗನಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಆಗುತ್ತದೆ, ಒಡವೆ ಕೂಡ ಬಿಚ್ಚಿಸುತ್ತಾರೆ.
(ಗೃಹಿಣಿ, ಶಿವಮೊಗ್ಗ)

ಉತ್ತರ: ನಿಮ್ಮ ಆತಂಕ ಸರಿಯಾದದ್ದು, ಒಡವೆ ಬಿಚ್ಚಿಸುವುದೂ ಸರಿಯೇ. ಅನುರಣಿಸುವ ಲೋಹವು ಕ್ಷೇತ್ರವನ್ನು ಸಾಂದ್ರಗೊಳಿಸುವುದರಿಂದ ಲೆಕ್ಕ ತಪ್ಪಿದರೆ ಸುಡುವ ಅಪಾಯ ನಿಜವಾಗಿಯೂ ಇದೆ. ಅದಕ್ಕಾಗಿ ವಿನ್ಯಾಸಕಾರರು ಎರಡು ಎಚ್ಚರ ವಹಿಸುತ್ತಾರೆ. ಲೋಹದ ಪಟ್ಟಿ ಅನುರಣಿಸುವಾಗ ಕಾಂತಕ್ಷೇತ್ರ ಅದರ ನಡುವಿನಲ್ಲೂ ವಿದ್ಯುತ್ ಕ್ಷೇತ್ರ ಅದರ ತುದಿಗಳಲ್ಲೂ ಹೆಚ್ಚಿರುತ್ತದೆ. ಅಂಗಾಂಶವನ್ನು ಬಿಸಿ ಮಾಡುವುದು ವಿದ್ಯುತ್ ಕ್ಷೇತ್ರ, ಆದ್ದರಿಂದ ತುದಿಗಳನ್ನು ದೇಹದಿಂದ ದೂರವಿಡುವಂತೆ ಅಥವಾ ಆ ಕ್ಷೇತ್ರ ಡೈಎಲೆಕ್ಟ್ರಿಕ್ ಪದರದೊಳಗೇ ಉಳಿಯುವಂತೆ ಮಾಡುತ್ತಾರೆ. ಎರಡನೆಯ ಎಚ್ಚರ ಇನ್ನೂ ಮುಖ್ಯ. ಯಂತ್ರ ತರಂಗ ಕಳುಹಿಸುವಾಗಿನ ಶಕ್ತಿ ಕಿಲೋವ್ಯಾಟ್‌ಗಳಲ್ಲಿರುತ್ತದೆ, ಮರಳಿ ಬರುವ ಸಂಕೇತ ಅತಿ ಕ್ಷೀಣ. ಸ್ವೀಕರಿಸಲೆಂದೇ ಮಾಡಿದ ಹಾಳೆ ಕಳುಹಿಸುವ ಹೊತ್ತಿನಲ್ಲಿ ಅನುರಣನೆಯಿಂದ ಹೊರಗಿರಬೇಕು. ಬಾಸ್ಟನ್ ಗುಂಪು 2019ರಲ್ಲಿ ಇದಕ್ಕೊಂದು ಸೊಗಸಾದ ಪರಿಹಾರ ತೋರಿಸಿತು: ವೋಲ್ಟೇಜಿಗೆ ತಕ್ಕಂತೆ ಧಾರಕತೆ (ಕೆಪಾಸಿಟನ್ಸ್) ಬದಲಿಸುವ ವ್ಯಾರಾಕ್ಟರ್ ಡಯೋಡನ್ನು ಸೇರಿಸಿದರೆ, ಪ್ರಬಲ ತರಂಗ ಬಂದಾಗ ಹಾಳೆ ತಾನಾಗಿಯೇ ಶ್ರುತಿ ತಪ್ಪಿ ಸುಮ್ಮನಾಗುತ್ತದೆ, ಕ್ಷೀಣ ಸಂಕೇತ ಬಂದಾಗ ಮತ್ತೆ ಶ್ರುತಿಗೆ ಮರಳುತ್ತದೆ. ನಿಮ್ಮ ಮಗನ ಪರೀಕ್ಷೆಯಲ್ಲಿ ಈಗಿನ ನಿಯಮಗಳನ್ನೇ ಪಾಲಿಸಿ. ಆಸ್ಪತ್ರೆಯವರು ಕೊಡದ ಯಾವ ಲೋಹದ ವಸ್ತುವೂ ಒಳಗೆ ಹೋಗಬಾರದು.

ಪ್ರಶ್ನೆ: ಇದು ನಮ್ಮ ಆಸ್ಪತ್ರೆಗಳಿಗೆ ಬರುತ್ತದೆಯೇ?
(ವೈದ್ಯರು, ಕಲಬುರಗಿ)

ಉತ್ತರ: 7 ಟೆಸ್ಲಾ ಯಂತ್ರಕ್ಕೆ ಅಮೆರಿಕದ ನಿಯಂತ್ರಕ ಸಂಸ್ಥೆ ಚಿಕಿತ್ಸಾಲಯಗಳಲ್ಲಿ ಬಳಸಲು ಒಪ್ಪಿಗೆ ಕೊಟ್ಟಿದ್ದೇ 2017ರಲ್ಲಿ, ಅದೂ ತಲೆ ಮತ್ತು ಕೈಕಾಲುಗಳಿಗೆ ಮಾತ್ರ. ನಮ್ಮಲ್ಲಿ ದಿನನಿತ್ಯದ ಕೆಲಸವೆಲ್ಲ 1.5 ಮತ್ತು 3 ಟೆಸ್ಲಾದಲ್ಲೇ ನಡೆಯುತ್ತದೆ. ಆದ್ದರಿಂದ ಇಲ್ಲಿಗೆ ಮೊದಲು ಬರಬಹುದಾದದ್ದು ಮಣಿಕಟ್ಟು, ಮೊಣಕಾಲು, ಸ್ತನ ಮುಂತಾದ ಸಣ್ಣ ಜಾಗಗಳಿಗೆ ಬಳಸುವ ಕೇಬಲ್‌ರಹಿತ ಹಾಳೆ ಅಥವಾ ಸೆರಾಮಿಕ್ ಘಟಕ. ಸ್ತನದ ಪರೀಕ್ಷೆಗೆ ಸೆರಾಮಿಕ್ ಅನುರಣಕ ಬಳಸಬಹುದೆಂದು ಐಟಿಎಂಒ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ದೇಶದಲ್ಲೇ 1.5 ಟೆಸ್ಲಾ ಯಂತ್ರವನ್ನು ರೂಪಿಸಿದೆ. ಕಾಯಿಲ್ ಮತ್ತು ಇಂಥ ಹಾಳೆಗಳ ಸಂಶೋಧನೆಗೆ ಯಂತ್ರದ ಒಳಹೊರಗು ತಿಳಿದವರು ಹತ್ತಿರದಲ್ಲೇ ಇರುವುದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ದೊಡ್ಡ ಅವಕಾಶ ಎಂದು ನಾನು ಮನಸಾರೆ ನಂಬುತ್ತೇನೆ.

ಪ್ರಶ್ನೆ: ಕಾಲೇಜು ಪ್ರಯೋಗಾಲಯದಲ್ಲಿ ಇದರ ತತ್ವವನ್ನು ತೋರಿಸಲು ಸಾಧ್ಯವೇ?
(ಬಿ.ಎಸ್‌ಸಿ. ವಿದ್ಯಾರ್ಥಿಗಳು, ತುಮಕೂರು)

ಉತ್ತರ: ಖಂಡಿತ ಸಾಧ್ಯ, ಖರ್ಚೂ ಹೆಚ್ಚಿಲ್ಲ. ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 8 ಸೆಂಟಿಮೀಟರ್ ವ್ಯಾಸದ ಉಂಗುರವಾಗಿ ಬಗ್ಗಿಸಿ. ಅದರ ಇಂಡಕ್ಟನ್ಸ್ ಸುಮಾರು 0.22 ಮೈಕ್ರೋಹೆನ್ರಿ ಆಗುತ್ತದೆ. 64 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಲು ಸುಮಾರು 28 ಪಿಕೋಫ್ಯಾರಡ್ ಬೇಕು. 22 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರಿಗೆ ಸಮಾಂತರವಾಗಿ ಸಣ್ಣದೊಂದು ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಕೆಪಾಸಿಟರ್) ಬೆಸೆದರೆ ಶ್ರುತಿ ಮಾಡಿಕೊಳ್ಳಬಹುದು. ಟ್ರಿಮ್ಮರನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದಲೇ ತಿರುಗಿಸಿ. ಉಕ್ಕಿನದ್ದಾದರೆ ಅದು ಹತ್ತಿರ ಬಂದಾಗ ಒಂದು ಆವೃತ್ತಿ, ದೂರ ಸರಿದಾಗ ಮತ್ತೊಂದು ಆವೃತ್ತಿ ಕಾಣುತ್ತದೆ. ಅಳೆಯಲು ನ್ಯಾನೋವಿಎನ್‌ಎ ಎಂಬ ಅಗ್ಗದ ನೆಟ್‌ವರ್ಕ್ ಅನಲೈಸರ್ ಸಾಕು. ಅದರ ತುದಿಗೆ ಸಣ್ಣ ತಂತಿಯ ಸುತ್ತೊಂದನ್ನು ಸೇರಿಸಿ ಉಂಗುರದ ಹತ್ತಿರ ಹಿಡಿದರೆ, ಪರದೆಯ ಮೇಲೆ ಅನುರಣನೆಯ ಜಾಗದಲ್ಲಿ ಚೂಪಾದ ತಗ್ಗು ಮೂಡುತ್ತದೆ.

ಈಗ ಅದೇ ಬಗೆಯ ಎರಡನೆಯ ಉಂಗುರವನ್ನು ಮೊದಲನೆಯದರ ಮೇಲೆ, ನಡುವೆ ಸ್ವಲ್ಪ ಅಂತರ ಬಿಟ್ಟು, ಒಂದೇ ಅಕ್ಷದಲ್ಲಿ ಹಿಡಿಯಿರಿ. ಒಂದು ತಗ್ಗು ಎರಡಾಗಿ ಒಡೆಯುತ್ತದೆ. ಉಂಗುರಗಳ ನಡುವಿನ ಕಾಂತೀಯ ಜೋಡಣೆಯ ಗುಣಾಂಕ 0.1 ಇದ್ದರೆ ಒಂದು 61ರ ಹತ್ತಿರ, ಇನ್ನೊಂದು 67.5 ಮೆಗಾಹರ್ಟ್ಸ್ ಹತ್ತಿರ ಬೀಳುತ್ತದೆ. ಕೆಳಗಿನದರಲ್ಲಿ ಎರಡೂ ಉಂಗುರಗಳ ವಿದ್ಯುತ್ತು ಒಂದೇ ದಿಕ್ಕಿನದು, ಮೇಲಿನದರಲ್ಲಿ ವಿರುದ್ಧ. ಉಂಗುರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಎದುರು ದಿಕ್ಕಿನಲ್ಲಿ ಹಾಯುವುದರಿಂದ ಈ ಕ್ರಮ ಅದಲುಬದಲಾಗುತ್ತದೆ. ನೂರಾರು ಉಂಗುರಗಳ ಹಾಳೆಯಲ್ಲಿ ಇಂಥ ಹಲವಾರು ವಿನ್ಯಾಸಗಳು ಹುಟ್ಟುತ್ತವೆ, ಅವುಗಳಲ್ಲಿ ಕ್ಷೇತ್ರವನ್ನು ಸಮನಾಗಿ ಹರಡುವ ಒಂದನ್ನು ಯಂತ್ರದ ಆವೃತ್ತಿಗೆ ತಂದು ನಿಲ್ಲಿಸುವುದೇ ವಿನ್ಯಾಸಕಾರರ ಕೆಲಸ. ಕೊನೆಗೆ ಉಪ್ಪುನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಉಂಗುರದ ಮೇಲಿಡಿ. ತಗ್ಗು ಸ್ವಲ್ಪ ಜಾಗ ಬದಲಿಸುತ್ತದೆ, ಚೂಪು ಕಳೆದುಕೊಂಡು ಅಗಲವಾಗುತ್ತದೆ. ದೇಹದ ನಷ್ಟ ಎಂದು ಮೇಲಿನ ಉತ್ತರಗಳಲ್ಲಿ ಹೇಳಿದ್ದು ಈ ಅಗಲವನ್ನೇ. ರೋಗಿಯಿಂದ ರೋಗಿಗೆ ಹಾಳೆಯ ಶ್ರುತಿ ಬದಲಾಗುವುದೂ ಇದರಿಂದಲೇ.

ಈ ಉಂಗುರಗಳನ್ನು ಯಾವ ಕಾರಣಕ್ಕೂ ಎಂಆರ್‌ಐ ಕೋಣೆಗೆ ಒಯ್ಯಬೇಡಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೆಪಾಸಿಟರ್‌ಗಳ ತುದಿಗಳಲ್ಲಿ ಹೆಚ್ಚಾಗಿ ನಿಕ್ಕೆಲ್ ಇರುತ್ತದೆ, ಅದು ಕಾಂತದ ಸೆಳೆತಕ್ಕೆ ಸಿಗುತ್ತದೆ, ಚಿತ್ರವನ್ನೂ ಕೆಡಿಸುತ್ತದೆ. ಮೇಲಾಗಿ ತರಂಗ ಕಳುಹಿಸುವ ಹೊತ್ತಿಗೆ ಶ್ರುತಿ ತಪ್ಪಿಸುವ ಡಯೋಡ್ ನೀವು ಮಾಡಿದ ಉಂಗುರದಲ್ಲಿ ಇಲ್ಲ.